‘ಜ್ಯೋತಿ’ಯಲ್ಲಿ ಹೆಸರುಗಳ ಕ್ರಮ

ಚಾರ್ಲಿ ಮರಿಯಾನೊ ಅಮೆರಿಕದ ಬಾಸ್ಟನ್‌ನವರು. ಜಾಝ್ ಸ್ಯಾಕ್ಸೊಫೋನ್‌ನಲ್ಲಿ ಹೆಸರು ಮಾಡಿದ ಮೇಲೂ ಶಿಷ್ಯನಾಗಿ ಕುಳಿತು ನಾದಸ್ವರ ಕಲಿತವರು. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಅವರು 1983ರಲ್ಲಿ ಧ್ವನಿಮುದ್ರಿಸಿದ ‘ಜ್ಯೋತಿ’ಯನ್ನು ಈಚೆಗೆ ವಿಜಯನಗರದ ಗೆಳೆಯರ ಮನೆಯಲ್ಲಿ ಮತ್ತೆ ಕೇಳಿದೆವು.

ಆರಂಭದಲ್ಲಿ ಆರ್.ಎ. ರಮಾಮಣಿಯವರ ಕಂಠವೊಂದೇ. ಸ್ಯಾಕ್ಸೊಫೋನ್ ಬಂದ ಮೇಲೂ ಅದು ಆ ಕಂಠದ ಹಿಂದೆಯೇ ನಡೆಯುತ್ತದೆ, ಮೃದಂಗ-ಘಟಗಳ ಲೆಕ್ಕಾಚಾರಕ್ಕೆ ಅಡ್ಡ ಬರುವುದಿಲ್ಲ. ನಮ್ಮ ಕಲಾವಿದರನ್ನು ಬರೀ ಅಲಂಕಾರಕ್ಕೆ ಕೂರಿಸುವ ‘ಫ್ಯೂಷನ್’ ಇದಲ್ಲ (ಅಂಥದ್ದನ್ನು ಸಾಕಷ್ಟು ಕೇಳಿ ದಣಿದಿದ್ದೇವೆ). ಮರಿಯಾನೊ ಅವರ ದೊಡ್ಡತನ ಕಾಣುವುದು ಅವರು ಸುಮ್ಮನಿರುವ ಕಡೆಗಳಲ್ಲಿ.

ಆದರೆ ಮುಖಪುಟದಲ್ಲಿ ಮೊದಲು ಮರಿಯಾನೊ, ಆಮೇಲೆ ಕಾಲೇಜು, ಕೊನೆಗೆ ರಮಾಮಣಿ. ಕಿವಿಗೆ ಬೀಳುವ ಕ್ರಮವೇ ಬೇರೆ.