ಜಗಲಿ ದೀಪಕ್ಕೆ ಬರುವವರು

ಉಡಿಗಾಲದ ಕಡೆ ಮುಂಗಾರಿಗೆ ಮುಂಚಿನ ಮಳೆ ಬಿದ್ದ ಸಂಜೆ ಜಗಲಿಯ ದೀಪ ಹಾಕಿದರೆ ಮೊದಲು ನುಗ್ಗುವುದು ಈಸಲು ಹುಳ. ಅವು ರೆಕ್ಕೆ ಉದುರಿಸಿ, ಹಲ್ಲಿಗಳ ಹೊಟ್ಟೆ ತುಂಬಿಸಿ ಮುಗಿದ ಮೇಲೆ ಪತಂಗಗಳ ಸರದಿ.

ನನ್ನ ಮೆಚ್ಚಿನದು ಕಣಗಿಲೆ ಪತಂಗ. ಪಾಚಿಹಸಿರಿನ ಮೇಲೆ ಬಿಳಿ, ನಸುಗುಲಾಬಿ ಪಟ್ಟೆಗಳು. ಇದರ ಮರಿಹುಳ ಕಣಗಿಲೆ, ನಂದಿಬಟ್ಟಲಿನ ಎಲೆ ಮೇಯುತ್ತದೆ. ದನಕರುಗಳಿಗೆ ಕಣಗಿಲೆ ವಿಷ. ಇದಕ್ಕೆ ದಿನದ ಊಟ.

ಇನ್ನು ದೀಪಕ್ಕೆ ಹಾರಿ ಬರಲಾಗದ ರೇಷ್ಮೆ ಪತಂಗ. ಈ ಸೀಮೆಯಲ್ಲಿ ಹುಳು ಸಾಕಿದವರಿಗೆ ಗೂಡು ಗೊತ್ತು, ಪತಂಗ ಕಂಡದ್ದು ಕಡಿಮೆ. ಅದು ತೂತು ಕೊರೆದು ಹೊರಬಂದರೆ ನೂಲು ಹಾಳು, ಹಾಗಾಗಿ ಮೊದಲೇ ಗೂಡು ಬೇಯಿಸುತ್ತಾರೆ. ಮೊಟ್ಟೆಗಾಗಿ ಹೊರಬಿಡುವುದು ಬಿತ್ತನೆ ಕೋಠಿಯಲ್ಲಿ. ಸಾವಿರಾರು ವರ್ಷ ಸಾಕಿಸಿಕೊಂಡು ಅದಕ್ಕೆ ಹಾರಾಟವೇ ಮರೆತಿದೆ, ತಿನ್ನುವ ಬಾಯಿಯೂ ಇಲ್ಲ. ಆದರೂ ಹೆಣ್ಣು ಕೂತಲ್ಲೇ ಸೂಸುವ ವಾಸನೆಗೆ ಗಂಡು ರೆಕ್ಕೆ ಬಡಿಯುತ್ತಾ ನಡೆದೇ ಬರುತ್ತದೆ. 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು ಐದು ಲಕ್ಷ ಪತಂಗಗಳಿಂದ ಆ ವಸ್ತುವನ್ನು ಬೇರ್ಪಡಿಸಿದರು. ಜಗತ್ತು ಗುರುತಿಸಿದ ಮೊದಲ ಫೆರೊಮೋನ್ ಅದು.

ಪತಂಗ ಮೋಹದಿಂದ ದೀಪಕ್ಕೆ ಬೀಳುತ್ತದೆ ಎಂದು ಕವಿಗಳು ಹೇಳುತ್ತಲೇ ಬಂದರು. ವೇಗದ ಕ್ಯಾಮೆರಾ ಇಟ್ಟು ನೋಡಿದ 2024ರ ಅಧ್ಯಯನದ ಮಾತು ಬೇರೆ: ಬೆಳಕಿರುವ ಕಡೆಯೇ ಆಕಾಶವೆಂದು ಹುಳುಗಳು ಅತ್ತ ಬೆನ್ನು ತಿರುಗಿಸುತ್ತವೆ, ದೀಪ ಪಕ್ಕದಲ್ಲಿದ್ದರೆ ಅದನ್ನೇ ಸುತ್ತುತ್ತಾ ಸಿಕ್ಕಿಬೀಳುತ್ತವೆ. ಮೋಹದ ಕಥೆಗಿಂತ ನನಗೆ ಇದೇ ಹಿಡಿಸಿತು.

ನೋಡಬೇಕೆನಿಸಿದರೆ ಒಂದು ಬಿಳಿ ಪಂಚೆ ಇಳಿಬಿಟ್ಟು ಎದುರಿಗೆ ದೀಪ ಹಾಕಿ. ನೋಡಿಯಾದ ಮೇಲೆ ಮರೆಯದೆ ಆರಿಸಿ, ಅವುಗಳಿಗೂ ಕೆಲಸವಿದೆ.