ಸಮಾಲೋಚನೆ ಯಾರ ಹಿತಕ್ಕೆ?

ಮನಸ್ಸಿನ ನೋವನ್ನು ಹೇಳಿಕೊಳ್ಳಲು ಬಂದವನು ತನ್ನ ಗುಟ್ಟನ್ನು ಮನಶ್ಶಾಸ್ತ್ರಜ್ಞನಲ್ಲಿ ಇಡುಗಂಟಾಗಿ ಒಪ್ಪಿಸುತ್ತಾನೆ. ಇಟ್ಟುಕೊಂಡವನು ಅದರ ಕಾವಲುಗಾರನೇ ಹೊರತು ಒಡೆಯನಲ್ಲ. ಆದರೆ ಸಮಸ್ಯೆ ಜಟಿಲವಾದಾಗ ಮತ್ತೊಬ್ಬ ತಜ್ಞನ ಸಲಹೆ ಕೇಳುವುದು ಅನಿವಾರ್ಯ. ಆಗ ಆ ಇಡುಗಂಟಿನ ಗತಿಯೇನು?

ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ತನ್ನ ಮೊದಲ ನೀತಿಸಂಹಿತೆಯನ್ನು 1953ರಲ್ಲಿ ಪ್ರಕಟಿಸಿತು. ಸದಸ್ಯರು ವೃತ್ತಿಯಲ್ಲಿ ಎದುರಿಸಿದ ಧರ್ಮಸಂಕಟಗಳನ್ನು ಅವರಿಂದಲೇ ಬರೆಯಿಸಿಕೊಂಡು ಅದನ್ನು ರೂಪಿಸಿದ್ದು ಶ್ಲಾಘನೀಯ. 2002ರಲ್ಲಿ ಅಂಗೀಕೃತವಾದ ಸಂಹಿತೆಯ 4.06ನೆಯ ನಿಯಮವು ಮೇಲಿನ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತದೆ. ಸಹೋದ್ಯೋಗಿಯ ಸಲಹೆ ಪಡೆಯುವಾಗ, ಬಂದವನ ಗುರುತು ಹತ್ತಬಹುದಾದ ಗೋಪ್ಯ ವಿವರಗಳನ್ನು ಅವನ ಪೂರ್ವಾನುಮತಿಯಿಲ್ಲದೆ ಸಾಮಾನ್ಯವಾಗಿ ಹೇಳಕೂಡದು. ಹೇಳುವುದೂ ಸಲಹೆಗೆ ಅಗತ್ಯವಾದಷ್ಟೇ ಇರಬೇಕು. ಮಿತವಾದ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಅಳತೆಗೋಲು ಬೇಕಿಲ್ಲ.

ಆದರೂ ಈ ನಿಯಮವು ಎಷ್ಟು ಹೇಳಬೇಕೆಂಬುದನ್ನು ಅಳೆಯುತ್ತದೆಯೇ ಹೊರತು, ಸಲಹೆಯು ಯಾರ ಹಿತಕ್ಕೆಂಬುದನ್ನು ಅಳೆಯುವುದಿಲ್ಲ. ಆ ಮಾತು ಸಂಹಿತೆಯ ಪೀಠಿಕೆಯ ಬಳಿಯ ಸಾಮಾನ್ಯ ತತ್ತ್ವಗಳಲ್ಲಿದೆ. ಆದರೆ ಆ ತತ್ತ್ವಗಳು ಆದರ್ಶಗಳು ಮಾತ್ರ, ಕಡ್ಡಾಯವಲ್ಲ. ಈ ಅಂತರದ ಬೆಲೆ 2005ರಲ್ಲಿ ತಿಳಿದುಬಂತು. ರಾಷ್ಟ್ರೀಯ ಭದ್ರತೆಗಾಗಿ ನಡೆಯುವ ಬಂದಿಗಳ ವಿಚಾರಣೆಯಲ್ಲಿ ಮನಶ್ಶಾಸ್ತ್ರಜ್ಞರು ಸಲಹೆಗಾರರಾಗಿರುವುದು ನೀತಿಗೆ ಒಪ್ಪುವಂಥದೇ ಎಂದು ಸಂಸ್ಥೆಯ ಕಾರ್ಯಪಡೆಯೊಂದು ತೀರ್ಪಿತ್ತಿತು. ಅದರ ಮತದಾನಾಧಿಕಾರವುಳ್ಳ ಸದಸ್ಯರಲ್ಲಿ ಬಹುಪಾಲು ಜನ ಸೇನೆ ಅಥವಾ ಗುಪ್ತಚರ ವ್ಯವಸ್ಥೆಯ ಸಂಬಂಧವುಳ್ಳವರು. ಅಂಗಡಿಯ ಪಾಲುದಾರನೇ ಅದರ ಲೆಕ್ಕಪರಿಶೋಧಕನಾದರೆ ಆ ಲೆಕ್ಕವನ್ನು ನಂಬುವವರಾರು? ನೋವುಂಡವನ ಹಿತಕ್ಕೆ ಹುಟ್ಟಿದ ‘ಸಮಾಲೋಚನೆ’ ಎಂಬ ಪದವೇ ಇಲ್ಲಿ ಅವನನ್ನು ವಿಚಾರಿಸುವವರ ಸಾಧನವಾಯಿತು.

ಸಂಸ್ಥೆಯೇ ನೇಮಿಸಿದ ವಕೀಲ ಡೇವಿಡ್ ಹಾಫ್‌ಮನ್ ಅವರ 2015ರ ವರದಿಯು, ಸಂಸ್ಥೆಯ ಕೆಲವು ಅಧಿಕಾರಿಗಳು ರಕ್ಷಣಾ ಇಲಾಖೆಯವರೊಡನೆ ಕೈಜೋಡಿಸಿದ್ದರೆಂದು ತಿಳಿಸಿತು. ಅದೇ ವರ್ಷ ಆಗಸ್ಟಿನಲ್ಲಿ ಸಂಸ್ಥೆಯ ಪ್ರತಿನಿಧಿ ಮಂಡಲಿಯು ಅಂಥ ವಿಚಾರಣೆಗಳಲ್ಲಿ ಮನಶ್ಶಾಸ್ತ್ರಜ್ಞರು ಭಾಗವಹಿಸುವುದನ್ನು ನಿಷೇಧಿಸಿತು. ತಪ್ಪನ್ನು ತಾನೇ ತನಿಖೆಗೊಡ್ಡಿ ಬಹಿರಂಗಪಡಿಸಿದ್ದು ಆ ಸಂಸ್ಥೆಯ ಹಿರಿಮೆಯೇ ಸರಿ. ಅದಕ್ಕೆ ಹತ್ತು ವರ್ಷ ಹಿಡಿದದ್ದು ಅದರ ಕೊರತೆ.

ಮಗುವನ್ನೋ ವೃದ್ಧರನ್ನೋ ಇಂಥ ತಜ್ಞರ ಬಳಿಗೆ ಕರೆದೊಯ್ಯುವ ಪ್ರತಿಯೊಂದು ಕುಟುಂಬವೂ ಎರಡು ಪ್ರಶ್ನೆಗಳನ್ನು ಕೇಳಲು ಹಿಂಜರಿಯಬಾರದು: ನಮ್ಮ ಮಾತು ಯಾರಿಗೆ ತಲುಪುತ್ತದೆ? ಅದರಿಂದ ಯಾರಿಗೆ ಹಿತ? ಎರಡನೆಯದಕ್ಕೆ ಉತ್ತರ ಸಿಗದೆಡೆಯಲ್ಲಿ ಮೊದಲನೆಯದರ ಉತ್ತರವೊಂದೇ ಸಾಲದು.