ಅಗಸ್ಟೀನನ ಆನಂದಮೀಮಾಂಸೆ

ಸುಖವನ್ನು ಬೇಡವೆನ್ನುವ ಮನುಷ್ಯನು ಲೋಕದಲ್ಲಿ ದೊರೆಯುವುದು ದುರ್ಲಭ. ದೊರೆತ ಸುಖವು ಸ್ಥಿರವಾಗಿ ನಿಲ್ಲುವುದೆಂದು ನಂಬಿ ನಿಶ್ಚಿಂತನಾಗಿ ಇರಬಲ್ಲವನು ಅದಕ್ಕಿಂತಲೂ ದುರ್ಲಭನು. ಆದಕಾರಣ ಸುಖವಿಚಾರವು ಸರ್ವದೇಶಗಳ ತತ್ತ್ವಜ್ಞರನ್ನೂ ಕವಿಗಳನ್ನೂ ಕಾಡುತ್ತ ಬಂದಿದೆ. ತೈತ್ತಿರೀಯೋಪನಿಷತ್ತು ಯೌವನ, ವಿದ್ಯೆ, ಬಲ, ಸಕಲ ಭೂಸಂಪತ್ತುಗಳೆಲ್ಲ ಒಬ್ಬನಲ್ಲಿಯೇ ಕೂಡಿದರೆ ಉಂಟಾಗುವ ಸುಖವನ್ನು ಮಾನುಷಾನಂದದ ಒಂದು ಅಳತೆಯಾಗಿ ಇಟ್ಟುಕೊಂಡು, ಅದನ್ನು ಮೆಟ್ಟಿಲು ಮೆಟ್ಟಿಲಾಗಿ ನೂರ್ಮಡಿಗೊಳಿಸುತ್ತ ಬ್ರಹ್ಮಾನಂದದವರೆಗೆ ಏರಿಸುವ ಕ್ರಮವು ವಿದ್ಯಾವಂತರಾದ ವಾಚಕರಿಗೆ ಪರಿಚಿತವಾದುದೇ. ಕ್ರೈಸ್ತ ಸಂಪ್ರದಾಯದಲ್ಲಿ ಇದೇ ಪ್ರಶ್ನೆಯನ್ನು ಒಬ್ಬ ಮನುಷ್ಯನು ತನ್ನ ಜೀವಿತವನ್ನೇ ಉದಾಹರಣೆಯಾಗಿ ಒಡ್ಡಿ ವಿಚಾರಮಾಡಿದ ಗ್ರಂಥವೆಂದರೆ ಸಂತ ಅಗಸ್ಟೀನನ ‘ಕನ್ಫೆಸಿಯೋನೆಸ್’.

ಅಗಸ್ಟೀನನು ಕ್ರಿ. ಶ. ೩೫೪ರಲ್ಲಿ ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ ಹುಟ್ಟಿದನು. ಆ ಊರು ಇಂದಿನ ಆಲ್ಜೀರಿಯ ದೇಶದಲ್ಲಿದೆ. ತಾಯಿ ಮೋನಿಕಳು ದೃಢಭಕ್ತಿಯ ಕ್ರೈಸ್ತಳು. ತಂದೆಯು ಬಹುಕಾಲ ಆ ಮತಕ್ಕೆ ಹೊರಗಿದ್ದವನು. ಮಗನು ಕಾರ್ಥೇಜಿನಲ್ಲಿ ಓದಿ, ಅಲಂಕಾರಶಾಸ್ತ್ರದ ಅಧ್ಯಾಪಕನಾಗಿ, ರೋಮಿನ ಮಾರ್ಗವಾಗಿ ೩೮೪ರಲ್ಲಿ ಮಿಲಾನಿಗೆ ಬಂದನು. ಮುಂದೆ ಆಫ್ರಿಕದ ಹಿಪ್ಪೋ ನಗರದ ಬಿಷಪನಾದ ಬಳಿಕ, ೩೯೭ರಿಂದ ಆರಂಭಿಸಿ ಸುಮಾರು ನಾಲ್ಕು ವರ್ಷಗಳೊಳಗೆ ಈ ಗ್ರಂಥವನ್ನು ಲ್ಯಾಟಿನ್ ಭಾಷೆಯಲ್ಲಿ ರಚಿಸಿದನು. ಹದಿಮೂರು ಕಾಂಡಗಳಲ್ಲಿ ಮೊದಲ ಒಂಬತ್ತು ಜೀವನವೃತ್ತಾಂತ. ಹತ್ತನೆಯದು ಸ್ಮೃತಿಯ ಸ್ವರೂಪವನ್ನೂ ಬರೆಯುವ ಕಾಲದ ತನ್ನ ಮನಃಸ್ಥಿತಿಯನ್ನೂ ಕುರಿತದ್ದು. ಉಳಿದ ಮೂರು ಬೈಬಲಿನ ಸೃಷ್ಟಿಪ್ರಕರಣದ ವ್ಯಾಖ್ಯಾನ. ಗ್ರಂಥದ ಹೆಸರಿಗೆ ಪಾಪವನ್ನು ಒಪ್ಪಿಕೊಳ್ಳುವುದೆಂದೂ ದೇವರನ್ನು ಸ್ತುತಿಸುವುದೆಂದೂ ಎರಡು ಅರ್ಥಗಳುಂಟು. ನವವಿಧಭಕ್ತಿಯಲ್ಲಿ ಕಡೆಯದಾದ ‘ಆತ್ಮನಿವೇದನೆ’ ಎಂಬ ಮಾತು ಇವೆರಡನ್ನೂ ಬಹುಮಟ್ಟಿಗೆ ಒಳಗೊಳ್ಳುವುದರಿಂದ, ಕನ್ನಡದಲ್ಲಿ ಆ ಹೆಸರು ಇದಕ್ಕೆ ಒಪ್ಪುತ್ತದೆ.

ಈ ಗ್ರಂಥವನ್ನು ಸಾಮಾನ್ಯವಾಗಿ ಪಾಪಿಯೊಬ್ಬನ ಪರಿವರ್ತನೆಯ ಕಥೆಯೆಂದು ಓದುವರು. ಆ ಓದು ತಪ್ಪಲ್ಲ. ಆದರೆ ಕಾಂಡದಿಂದ ಕಾಂಡಕ್ಕೆ ಹರಿದುಬರುವ ವಿಚಾರಸೂತ್ರವನ್ನು ಹುಡುಕಿದರೆ, ಪಾಪಕ್ಕಿಂತ ಹೆಚ್ಚಾಗಿ ಹರ್ಷದ ಮಾತೇ ಕಾಣುತ್ತದೆ. ಮನುಷ್ಯನು ಯಾವುದರಿಂದ ಹರ್ಷಿಸುತ್ತಾನೆ, ಆ ಹರ್ಷವು ಎಲ್ಲಿಯವರೆಗೆ ನಿಲ್ಲುತ್ತದೆ, ಅದು ಕಳೆದಮೇಲೆ ಅವನಲ್ಲಿ ಉಳಿಯುವುದೇನು ಎಂಬ ಮೂರು ಪ್ರಶ್ನೆಗಳನ್ನು ಕರ್ತೃವು ತನ್ನ ಪ್ರತಿಯೊಂದು ಅನುಭವಕ್ಕೂ ಹಾಕಿ ನೋಡುತ್ತಾನೆ.

ಮೊದಲ ಉದಾಹರಣೆಯು ನಾಲ್ಕನೆಯ ಕಾಂಡದ ಸ್ನೇಹಿತನ ಮರಣ. ಹುಟ್ಟೂರಿನಲ್ಲಿ ಪಾಠಹೇಳುತ್ತಿದ್ದಾಗ ಅಗಸ್ಟೀನನಿಗೆ ಸಮವಯಸ್ಕನೊಬ್ಬನು ಪ್ರಾಣಸ್ನೇಹಿತನಾಗಿದ್ದನು. ಆ ಸ್ನೇಹವು ಒಂದು ವರ್ಷ ತುಂಬುವ ಮೊದಲೇ ಮಿತ್ರನು ಜ್ವರದಿಂದ ತೀರಿಕೊಂಡನು. ಆಗ ಊರೆಲ್ಲ ಸೆರೆಮನೆಯಂತಾಯಿತು, ತಂದೆಯ ಮನೆಯು ಅಸಹ್ಯವಾಯಿತು, ಕಣ್ಣೀರೊಂದೇ ಹಿತವೆನಿಸಿತು, ಕಡೆಗೆ ಅವನು ಊರನ್ನೇ ಬಿಟ್ಟು ಕಾರ್ಥೇಜಿಗೆ ಓಡಿಹೋದನು. ವರ್ಷಗಳ ಮೇಲೆ ಇದನ್ನು ನೆನೆದು ಬರೆಯುವಾಗ ಆತನು ಸ್ನೇಹವನ್ನು ಹಳಿಯುವುದಿಲ್ಲ. ಸಾಯತಕ್ಕವನನ್ನು ಸಾಯದವನೆಂಬಂತೆ ಪ್ರೀತಿಸಿದುದೇ ತನ್ನ ದುಃಖದ ಮೂಲವೆಂದು ನಿರ್ಣಯಿಸುತ್ತಾನೆ. ಈ ನಿರ್ಣಯವು ಕಠಿನವಾಗಿ ತೋರಬಹುದು. ಆದರೆ ಇದರ ಮುಂದಿನ ಹೆಜ್ಜೆಯು ಪ್ರೀತಿಯನ್ನು ತೊರೆಯುವುದಲ್ಲ. ಕಳೆದುಹೋಗದವನಲ್ಲಿ ಇಟ್ಟು ಪ್ರೀತಿಸುವುದು. ವಿರಕ್ತಿಗೂ ಇದಕ್ಕೂ ಇರುವ ಭೇದವನ್ನು ಗಮನಿಸದೆ ಹೋದರೆ ಗ್ರಂಥದ ಮರ್ಮವು ತಪ್ಪುತ್ತದೆ.

ಎರಡನೆಯ ಉದಾಹರಣೆಯು ಆರನೆಯ ಕಾಂಡದ ಭಿಕ್ಷುಕನ ಪ್ರಸಂಗ. ಮಿಲಾನಿನಲ್ಲಿ ಅಗಸ್ಟೀನನು ಚಕ್ರವರ್ತಿಯ ಸ್ತುತಿಪಾಠವೊಂದನ್ನು ಸಿದ್ಧಪಡಿಸುತ್ತಿದ್ದನು. ಅದರಲ್ಲಿ ಬಹುಭಾಗ ಸುಳ್ಳು. ಸುಳ್ಳೆಂದು ಬಲ್ಲವರೇ ಅದನ್ನು ಕೇಳಿ ತಲೆದೂಗುವವರು. ಆ ಚಿಂತೆಯಲ್ಲಿ ಬೀದಿಯಲ್ಲಿ ಹೋಗುತ್ತಿರುವಾಗ, ಕುಡಿದು ನಗುತ್ತ ಹಾಸ್ಯವಾಡುತ್ತಿದ್ದ ಒಬ್ಬ ತಿರುಕನು ಕಣ್ಣಿಗೆ ಬಿದ್ದನು. ತಾನು ವರ್ಷಗಟ್ಟಲೆ ಶ್ರಮಪಟ್ಟು ಬಯಸುತ್ತಿರುವ ನಿಶ್ಚಿಂತೆಯನ್ನು ಆ ತಿರುಕನು ನಾಲ್ಕು ಕಾಸಿಗೆ ಕೊಂಡಿರುವನಲ್ಲಾ ಎಂದು ಅಗಸ್ಟೀನನು ಜೊತೆಯ ಮಿತ್ರರೊಡನೆ ನಿಟ್ಟುಸಿರಿಟ್ಟನು. ಇಲ್ಲಿ ಸುಲಭವಾದ ನೀತಿಬೋಧೆಗೆ ಅವಕಾಶವಿತ್ತು. ಕರ್ತೃವು ಅದಕ್ಕೆ ಎಳಸದೆ ಲೆಕ್ಕಹಾಕುತ್ತಾನೆ: ತಿರುಕನ ಹರ್ಷವು ನಿಜವಾದ ಹರ್ಷವಲ್ಲ, ಆದರೆ ತನ್ನ ಕೀರ್ತಿಯಾಸೆಯು ಅದಕ್ಕಿಂತ ಸುಳ್ಳು. ಅವನ ಅಮಲು ಆ ರಾತ್ರಿಯ ನಿದ್ರೆಯಲ್ಲಿ ಇಳಿಯುವುದು. ತನ್ನ ಅಮಲಾದರೋ ತನ್ನೊಡನೆ ಮಲಗಿ ತನ್ನೊಡನೆಯೇ ಏಳುವುದು. ಅವನು ದಾರಿಹೋಕರಿಗೆ ಶುಭವನ್ನು ಕೋರಿ ಮದ್ಯವನ್ನು ಗಳಿಸಿದನು. ತಾನು ಸುಳ್ಳಾಡಿ ಹೊಗಳಿಕೆಯನ್ನು ಗಳಿಸಬೇಕು. ಪಂಡಿತನು ತಿರುಕನ ಮುಂದೆ ತನ್ನನ್ನು ಹೀಗೆ ತೂಗಿಕೊಂಡು ಕಡಿಮೆಯೆಂದು ಒಪ್ಪಿಕೊಂಡ ಪ್ರಸಂಗವು ಸಾಹಿತ್ಯದಲ್ಲಿ ವಿರಳ.

ಎಂಟನೆಯ ಕಾಂಡದಲ್ಲಿ ಬರುವ ಮಿಲಾನಿನ ಉದ್ಯಾನದ ಪ್ರಸಂಗವು ಲೋಕಪ್ರಸಿದ್ಧವಾದುದು. ೩೮೬ರಲ್ಲಿ, ಮನಸ್ಸು ಇಬ್ಭಾಗವಾಗಿ ಅಳುತ್ತಿದ್ದಾಗ, ನೆರೆಮನೆಯಿಂದೆಂಬಂತೆ ಮಗುವೊಂದರ ದನಿ ಕೇಳಿ, ಗ್ರಂಥವನ್ನು ತೆಗೆದು ಪೌಲನ ಪತ್ರದ ಒಂದು ವಾಕ್ಯವನ್ನು ಓದಿ, ಆತನು ಸಂಶಯವನ್ನು ನೀಗಿದನು. ೩೮೭ರ ಈಸ್ಟರ್ ಹಬ್ಬದಲ್ಲಿ ಆಂಬ್ರೋಸನಿಂದ ದೀಕ್ಷಾಸ್ನಾನವನ್ನು ಹೊಂದಿದನು. ಹಲವರ ಎಣಿಕೆಯಂತೆ ಕಥೆಯು ಇಲ್ಲಿಗೆ ಮುಗಿಯಬೇಕು: ವಿಶ್ವಾಸ ಬಂದಿತು, ಆನಂದ ದೊರೆಯಿತು. ಆದರೆ ಗ್ರಂಥವು ಇನ್ನೂ ಐದು ಕಾಂಡಗಳಷ್ಟು ಉಳಿದಿದೆ. ಅಗಸ್ಟೀನನ ಪ್ರಾಮಾಣಿಕತೆಯ ನಿಜವಾದ ಪರೀಕ್ಷೆಯು ಆ ಶೇಷಭಾಗದಲ್ಲಿದೆ.

ಇಲ್ಲಿ ವಿದ್ವಾಂಸರ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಉದ್ಯಾನದ ಘಟನೆಯಾದ ಕೆಲವೇ ತಿಂಗಳಲ್ಲಿ ಅಗಸ್ಟೀನನು ಕಸ್ಸಿಸಿಯಾಕುಮ್ ಎಂಬ ಹಳ್ಳಿಮನೆಯಲ್ಲಿದ್ದುಕೊಂಡು ತಾಯಿ, ಮಗ, ಶಿಷ್ಯರೊಡನೆ ನಡೆದ ಸಂವಾದಗಳನ್ನು ಬರೆದನು. ಅವುಗಳಲ್ಲೊಂದರ ಹೆಸರೇ ‘ಸುಖಜೀವನವನ್ನು ಕುರಿತು’. ಈ ಸಂವಾದಗಳಲ್ಲಿ ಪಶ್ಚಾತ್ತಾಪದ ಕಣ್ಣೀರಿಗಿಂತ ತತ್ತ್ವಜ್ಞನ ಪ್ರಶಾಂತಿಯೇ ಹೆಚ್ಚು. ಹೀಗಿರುವಲ್ಲಿ, ಹತ್ತಾರು ವರ್ಷಗಳ ಮೇಲೆ ಬರೆದ ಆತ್ಮನಿವೇದನೆಯು ನಡೆದುದನ್ನು ನಡೆದಂತೆ ಹೇಳುವುದೇ ಎಂಬ ಸಂದೇಹವನ್ನು ೧೮೮೮ರಲ್ಲಿ ಜರ್ಮನಿಯ ಹಾರ್ನಾಕನೂ ಫ್ರಾನ್ಸಿನ ಬುವಾಸಿಯೇಯೂ ಎತ್ತಿದರು. ಭೇದವಿರುವುದು ಸತ್ಯ. ಆದರೆ ಆ ಭೇದವನ್ನು ಮರೆಮಾಚಿದವನು ಅಗಸ್ಟೀನನಲ್ಲ. ೪೨೬–೪೨೭ರಲ್ಲಿ ತನ್ನ ಕೃತಿಗಳನ್ನೆಲ್ಲ ತಾನೇ ವಿಮರ್ಶಿಸಿ ಬರೆದ ಪುಸ್ತಕದಲ್ಲಿ, ಶರೀರದ ಸ್ಥಿತಿ ಹೇಗೇ ಇರಲಿ, ಜ್ಞಾನಿಯು ಈ ಜನ್ಮದಲ್ಲಿಯೇ ಸುಖಿಯೆಂದು ಹಿಂದೆ ಹೇಳಿದುದು ತನಗೆ ಈಗ ಮೆಚ್ಚುಗೆಯಿಲ್ಲವೆಂದು ಆತನು ತಿದ್ದಿಕೊಂಡಿದ್ದಾನೆ. ಹೊಸದಾಗಿ ವಿಶ್ವಾಸಕ್ಕೆ ಬಂದವನು ಆನಂದವು ಕೈಸೇರಿತೆಂದುಕೊಂಡನು. ಅನುಭವದಿಂದ ಪಕ್ವನಾದ ಬಿಷಪನು ಅದು ಇಲ್ಲಿ ನಿರೀಕ್ಷೆಯ ರೂಪದಲ್ಲಿ ಮಾತ್ರ ದೊರೆಯುವುದೆಂದು ಕಂಡುಕೊಂಡನು. ಆತ್ಮನಿವೇದನೆಯು ಈ ಎರಡು ನಿಲುವುಗಳ ನಡುವಣ ಕೃತಿ.

ಒಂಬತ್ತನೆಯ ಕಾಂಡವು ಈ ದೃಷ್ಟಿಯಿಂದ ಮಹತ್ತ್ವದ್ದು. ಆಫ್ರಿಕಕ್ಕೆ ಮರಳಲು ಹಡಗನ್ನು ಕಾಯುತ್ತ ಓಸ್ತಿಯ ಬಂದರಿನಲ್ಲಿ ತಂಗಿದ್ದಾಗ, ತಾಯಿಯೂ ಮಗನೂ ಒಳತೋಟದ ಕಡೆಗೆ ತೆರೆದ ಕಿಟಕಿಗೆ ಒರಗಿ ನಿತ್ಯಜೀವನವನ್ನು ಕುರಿತು ಮಾತನಾಡುತ್ತಾರೆ. ಮಾತು ಭೂಮಿ, ಆಕಾಶ, ಮನಸ್ಸುಗಳನ್ನು ಮೀರಿ ಏರಿ, ಕ್ಷಣಮಾತ್ರ ಆ ನಿತ್ಯವನ್ನು ಸೋಂಕಿ, ಮತ್ತೆ ಬಾಯಿಮಾತಿಗೆ ಇಳಿಯುತ್ತದೆ. ಕೆಲವೇ ದಿನಗಳಲ್ಲಿ ತಾಯಿಯು ಜ್ವರಪೀಡಿತಳಾಗಿ ತನ್ನ ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಳ್ಳುತ್ತಾಳೆ. ಪರಮಾನಂದದ ಸ್ಪರ್ಶವನ್ನು ಪಡೆದವನಿಗೆ ಮಾತೃವಿಯೋಗವು ತಟ್ಟಬಾರದಷ್ಟೆ. ಅಗಸ್ಟೀನನೂ ಹಾಗೆಯೇ ಎಣಿಸಿ ಕಣ್ಣೀರನ್ನು ಬಲವಂತವಾಗಿ ತಡೆದನು. ದುಃಖವು ಶಮನವಾದೀತೆಂದು ಸ್ನಾನಗೃಹಕ್ಕೆ ಹೋಗಿ ಬಂದನು. ದುಃಖವು ಇದ್ದ ಹಾಗೆಯೇ ಇದ್ದಿತು. ನಿದ್ರೆಮಾಡಿ ಎದ್ದು, ಆಂಬ್ರೋಸನ ಸಂಧ್ಯಾಗೀತವನ್ನು ನೆನೆದ ಬಳಿಕ, ದೇವರ ಮುಂದೆ ಸ್ವಲ್ಪ ಹೊತ್ತು ಅತ್ತನು. ಇದನ್ನು ಪಾಪವೆನ್ನುವವರು ತನ್ನನ್ನು ನೋಡಿ ನಗುವುದರ ಬದಲು ತನಗಾಗಿ ಅಳಲಿ ಎಂದು ಬೇಡಿಕೊಂಡನು.

ನಾಲ್ಕನೆಯ ಕಾಂಡದ ಅಳುವನ್ನೂ ಒಂಬತ್ತನೆಯ ಕಾಂಡದ ಅಳುವನ್ನೂ ಜೊತೆಯಲ್ಲಿಟ್ಟು ಓದತಕ್ಕದ್ದು. ಎರಡರಲ್ಲಿಯೂ ಕಣ್ಣೀರು ಒಂದೇ. ಮೊದಲನೆಯದು ಅವನನ್ನು ಊರುಬಿಡಿಸಿತು. ಎರಡನೆಯದು ಪ್ರಾರ್ಥನೆಯಾಗಿ ಪರಿಣಮಿಸಿತು. ವಿಶ್ವಾಸವು ಶೋಕವನ್ನು ತೆಗೆದುಹಾಕಲಿಲ್ಲ. ಶೋಕಕ್ಕೆ ಹೋಗಿ ಸೇರಲು ಒಂದು ಸ್ಥಳವನ್ನು ಕೊಟ್ಟಿತು. ಕ್ರೈಸ್ತವಿಶ್ವಾಸದಿಂದ ಲಭಿಸುವ ಶಾಶ್ವತಾನಂದವೆಂದರೇನು ಎಂಬ ಪ್ರಶ್ನೆಗೆ ಈ ಗ್ರಂಥದ ಉತ್ತರವು ಇಷ್ಟೇ ಆಗಿದೆ. ಇದಕ್ಕಿಂತ ಹೆಚ್ಚನ್ನು ಅದು ವಾಗ್ದಾನಮಾಡುವುದಿಲ್ಲ.

ಹತ್ತನೆಯ ಕಾಂಡದಲ್ಲಿ ಸಿದ್ಧಾಂತವು ಬರುತ್ತದೆ. ಸೈನ್ಯಕ್ಕೆ ಸೇರುವೆಯಾ ಎಂದು ಇಬ್ಬರನ್ನು ಕೇಳಿದರೆ ಒಬ್ಬನು ಹೌದೆನ್ನಬಹುದು, ಒಬ್ಬನು ಅಲ್ಲವೆನ್ನಬಹುದು. ಸುಖಿಯಾಗುವೆಯಾ ಎಂದರೆ ಇಬ್ಬರೂ ಹೌದೆನ್ನುವರು. ಯಾರೂ ಸಂಪೂರ್ಣವಾಗಿ ಅನುಭವಿಸದ ಸುಖದ ಪರಿಚಯವು ಎಲ್ಲರ ಸ್ಮೃತಿಯಲ್ಲಿಯೂ ಎಲ್ಲಿಂದ ಬಂದಿತು? ಈ ಪ್ರಶ್ನೆಯಿಂದ ಹೊರಟು, ಸತ್ಯದಲ್ಲಿ ಹರ್ಷಿಸುವುದೇ ಸುಖಜೀವನವೆಂದೂ ಆ ಸತ್ಯವು ದೇವರೇ ಎಂದೂ ಆತನು ಪ್ರತಿಪಾದಿಸುತ್ತಾನೆ. ಮೋಸಗೊಳಿಸಲು ಇಷ್ಟಪಡುವವರುಂಟು, ಮೋಸಹೋಗಲು ಇಷ್ಟಪಡುವವರಿಲ್ಲ ಎಂಬುದು ಆತನ ಯುಕ್ತಿ. ಹಾಗಾದರೆ ಲೋಕವು ಸತ್ಯವನ್ನೇಕೆ ದ್ವೇಷಿಸುತ್ತದೆ? ಸತ್ಯವು ಬೆಳಗುವಾಗ ಜನರಿಗೆ ಪ್ರಿಯ, ತಮ್ಮನ್ನು ತೋರಿಸಿಕೊಡುವಾಗ ಅಪ್ರಿಯ ಎಂಬ ಸಮಾಧಾನವು ಮನಶ್ಶಾಸ್ತ್ರದ ದೃಷ್ಟಿಯಿಂದಲೂ ಬೆಲೆಯುಳ್ಳದ್ದು.

ಈ ಸಿದ್ಧಾಂತವನ್ನು ಹೇಳಿದೊಡನೆಯೇ ಬಿಷಪನು ತನ್ನ ಅಂದಿನ ದೌರ್ಬಲ್ಯಗಳ ಪಟ್ಟಿಯನ್ನು ಬಿಚ್ಚುತ್ತಾನೆ. ದೇವಾಲಯದ ಗಾನದಲ್ಲಿ ಅರ್ಥಕ್ಕಿಂತ ಸ್ವರದಲ್ಲಿಯೇ ಮನಸ್ಸು ಲೀನವಾಗುತ್ತದೆ. ಹಲ್ಲಿಯು ನೊಣಹಿಡಿಯುವುದನ್ನು ನೋಡುತ್ತ ಧ್ಯಾನವು ಜಾರುತ್ತದೆ. ಹೊಗಳಿಕೆಯ ಆಸೆಯು ಅದನ್ನು ಹಳಿಯುವ ಮಾತಿನಲ್ಲಿಯೇ ಅಡಗಿರುತ್ತದೆ. ತನ್ನ ದೋಷಗಳನ್ನು ತಾನೇ ಎತ್ತಿ ಹೇಳಿಕೊಂಡು ಕೂಡಲಸಂಗಮದೇವನ ಮುಂದೆ ನಿಲ್ಲುವ ಬಸವಣ್ಣನವರ ವಚನಗಳನ್ನು ಬಲ್ಲ ಕನ್ನಡ ವಾಚಕರಿಗೆ ಈ ಧ್ವನಿಯು ಅಪರಿಚಿತವೆನಿಸದು. ದೇಶ, ಕಾಲ, ಸಿದ್ಧಾಂತಗಳು ಬೇರೆಯಾದರೂ, ಇಷ್ಟದೈವವನ್ನು ಸಂಬೋಧಿಸುತ್ತ ಆತ್ಮಪರೀಕ್ಷೆಮಾಡುವ ರೀತಿಯು ಎರಡೆಡೆಯೂ ಸಮಾನ.

ಗುಣಗಳನ್ನು ಹೇಳಿದಮೇಲೆ ದೋಷವನ್ನು ಹೇಳದಿರುವುದು ವಿಮರ್ಶೆಯ ಧರ್ಮವಲ್ಲ. ಸುಮಾರು ಹದಿನೈದು ವರ್ಷ ಅಗಸ್ಟೀನನೊಡನೆ ಬಾಳಿ, ಆತನ ಮಗ ಅದೆಯೊದಾತನನ್ನು ಹೆತ್ತ ಸ್ತ್ರೀಯೊಬ್ಬಳಿದ್ದಳು. ಕುಲೀನ ಕನ್ಯೆಯೊಡನೆ ವಿವಾಹವು ನಿಶ್ಚಯವಾದಾಗ ಅವಳನ್ನು ಆಫ್ರಿಕಕ್ಕೆ ಕಳುಹಿಸಲಾಯಿತು. ಅನ್ಯಪುರುಷನನ್ನು ಸೇರೆನೆಂದು ದೇವರಿಗೆ ಹರಕೆಹೊತ್ತು, ಮಗನನ್ನು ಬಿಟ್ಟು ಅವಳು ಹೊರಟುಹೋದಳು. ತನ್ನ ಹೃದಯವು ಸೀಳಿ ರಕ್ತವೊಸರಿತೆಂದು ಆತನು ಬರೆದಿದ್ದಾನೆ. ಅವಳ ಹೆಸರನ್ನು ಬರೆಯಲಿಲ್ಲ. ಆ ವಿವಾಹವೂ ನಡೆಯಲಿಲ್ಲ. ಬಾಲ್ಯದಲ್ಲಿ ಕದ್ದ ಕೆಲವು ಪೇರುಹಣ್ಣುಗಳಿಗಾಗಿ ಪುಟಗಟ್ಟಲೆ ಪಶ್ಚಾತ್ತಾಪಪಟ್ಟ ಲೇಖನಿಯು, ಈ ಸ್ತ್ರೀಗೆ ಸಂದ ಅನ್ಯಾಯವನ್ನು ಕೆಲವೇ ವಾಕ್ಯಗಳಲ್ಲಿ ಮುಗಿಸಿದೆ. ಹೆಸರನ್ನು ಮರೆಸಿದುದು ಅವಳ ಮಾನರಕ್ಷಣೆಗಾಗಿ ಎಂದು ಸಮರ್ಥಿಸುವವರುಂಟು. ಹಾಗೆಯೇ ಇರಲಿ, ತನ್ನ ನೋವನ್ನು ಹೇಳಿದವನು ಅವಳ ನೋವನ್ನು ವಿಚಾರಿಸಲಿಲ್ಲವೆಂಬುದು ಉಳಿಯುತ್ತದೆ. ಒಬ್ಬನ ಶಾಂತಿಗೆ ಇನ್ನೊಬ್ಬರು ತೆತ್ತ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದ ಆನಂದಮೀಮಾಂಸೆಯು ಅಷ್ಟರಮಟ್ಟಿಗೆ ಅಪೂರ್ಣ. ಹರಕೆಯಲ್ಲಿ ಅವಳು ಆತನಿಗಿಂತ ಮುಂದಾದಳೆಂದು ಆತನೇ ಒಪ್ಪಿಕೊಂಡಿರುವುದೊಂದು ಸಮಾಧಾನ.

ಕಡೆಯ ಮೂರು ಕಾಂಡಗಳಲ್ಲಿ ಕಾಲಸ್ವರೂಪದ ಚರ್ಚೆಯು ಅದ್ಭುತವಾದುದಾದರೂ, ಸೃಷ್ಟಿವ್ಯಾಖ್ಯಾನವು ಸಾಮಾನ್ಯ ವಾಚಕರನ್ನು ದಣಿಸದಿರದು. ಹಾಗೆಂದು ಅವನ್ನು ಬಿಟ್ಟು ಓದುವುದು ಸರಿಯಲ್ಲ. ಮೊದಲ ಕಾಂಡದ ಆರಂಭದಲ್ಲಿ ವಿಶ್ರಾಂತಿಯಿಲ್ಲದ ಮನುಷ್ಯಹೃದಯದ ಪ್ರಸ್ತಾಪವಿದ್ದರೆ, ಹದಿಮೂರನೆಯ ಕಾಂಡವು ಏಳನೆಯ ದಿನದ ವಿಶ್ರಾಂತಿಯಲ್ಲಿ ಮುಗಿಯುತ್ತದೆ. ಅದೂ ಪ್ರಾಪ್ತಿಯಾಗಿ ಅಲ್ಲ, ಪ್ರಾರ್ಥನೆಯಾಗಿ.

೪೩೦ರಲ್ಲಿ ವ್ಯಾಂಡಲರ ಸೈನ್ಯವು ಹಿಪ್ಪೋ ನಗರವನ್ನು ಮುತ್ತಿದ್ದಾಗ ಅಗಸ್ಟೀನನು ಮರಣಶಯ್ಯೆಯನ್ನು ಹಿಡಿದನು. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಎದುರುಗೋಡೆಗೆ ಅಂಟಿಸಿಕೊಂಡು, ಮಲಗಿದಲ್ಲಿಂದಲೇ ಓದಿ ಕಣ್ಣೀರಿಡುತ್ತಿದ್ದನೆಂದು ಆತನ ಚರಿತ್ರೆಯನ್ನು ಬರೆದ ಶಿಷ್ಯ ಪೊಸ್ಸಿದಿಯಸನು ಹೇಳುತ್ತಾನೆ. ಶಾಶ್ವತಾನಂದವನ್ನು ಕುರಿತು ಅಷ್ಟು ಬರೆದವನ ಅಂತ್ಯವು ಅಳುವಿನಲ್ಲಾಯಿತೆಂದು ಇದರಿಂದ ಆತನ ವಿಶ್ವಾಸವನ್ನು ಸೋತದ್ದೆನ್ನುವವರು ಗ್ರಂಥವನ್ನು ಸರಿಯಾಗಿ ಓದಿದವರಲ್ಲ. ಓಸ್ತಿಯಲ್ಲಿ ತಾಯಿಗಾಗಿ ಅತ್ತುದು ಯಾರ ಮುಂದೆಯೋ, ಹಿಪ್ಪೋವಿನಲ್ಲಿ ತನಗಾಗಿ ಅತ್ತುದೂ ಅವನ ಮುಂದೆಯೇ. ಮನೆಯಲ್ಲಿ ಸಾವುನೋವುಗಳನ್ನು ಕಂಡ ಗೃಹಸ್ಥರು, ಅವರು ಯಾವ ಮತದವರೇ ಆಗಿರಲಿ, ಒಂಬತ್ತನೆಯ ಕಾಂಡವನ್ನಾದರೂ ಒಮ್ಮೆ ಓದತಕ್ಕದ್ದು.